ನಷ್ಟಕ್ಕೂ ಒಂದು ಪಾಲು: ಕರಾವಳಿಯ ಮೀನುಗಾರ ಮುಖಂಡರಿಗೆ ಬಹಿರಂಗ ಪತ್ರ

ಕರ್ನಾಟಕ ಕರಾವಳಿಯ ನಾಡದೋಣಿ, ಟ್ರಾಲ್‌ಬೋಟ್ ಮತ್ತು ಪರ್ಸೀನ್ ಸಂಘಗಳ ಮುಖಂಡರಿಗೆ,



ಜುಲೈ ತಿಂಗಳ ಮಳೆ ಹೊಯ್ಯುತ್ತಿರುವಾಗ ಇದನ್ನು ಬರೆಯುತ್ತಿದ್ದೇನೆ. ಮಂಗಳೂರಿನ ದಕ್ಕೆಯಲ್ಲಿ, ಮಲ್ಪೆಯಲ್ಲಿ, ಗಂಗೊಳ್ಳಿಯಲ್ಲಿ, ತದಡಿಯಲ್ಲಿ, ಕಾರವಾರದ ಬೈತಕೋಲದಲ್ಲಿ ಬೋಟುಗಳು ಒಂದಕ್ಕೊಂದು ಮೈತಾಗಿಸಿಕೊಂಡು ನಿಂತಿವೆ. ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರಿಕ ಬೋಟುಗಳಿಗೆ ರಜೆ. ನಾಡದೋಣಿಗೆ ಈ ನಿಷೇಧವಿಲ್ಲ, ಆದರೆ ತೆರೆ ಏಳುವ ದಿನಗಳಲ್ಲಿ ಅವರೂ ದಡದಲ್ಲೇ ಕೂತು ಬಲೆ ಸರಿಮಾಡುತ್ತಾರೆ. ವರ್ಷದಲ್ಲಿ ನೀವೆಲ್ಲರೂ ಒಟ್ಟಿಗೆ ನೆಲದ ಮೇಲೆ ಸಿಗುವುದು ಈಗ ಮಾತ್ರ. ಆಗಸ್ಟ್ ಬಂದರೆ ಒಬ್ಬರು ಹೊರಡುವಾಗ ಇನ್ನೊಬ್ಬರು ಬರುತ್ತಿರುತ್ತೀರಿ, ಆಮೇಲೆ ಮುಖ ನೋಡುವುದು ಜಗಳದ ದಿನ, ಪೊಲೀಸ್ ಠಾಣೆಯಲ್ಲಿ.

ನಾನು ಮರವಂತೆಯಿಂದ ಸ್ವಲ್ಪ ಬಡಗಿಗೆ ಇರುವ ಊರಿನವಳು. ಅಪ್ಪ ದಡದಿಂದ ಎಳೆಯುವ ರಂಪಣಿ ಬಲೆಗೆ ಹೋಗುತ್ತಿದ್ದರು. ಅಮ್ಮ ತಲೆಮೇಲೆ ಬುಟ್ಟಿ ಹೊತ್ತು ಮೀನು ಮಾರಿ ನಮ್ಮನ್ನು ಓದಿಸಿದರು. ಮೂವತ್ತು ವರ್ಷ ಶಾಲೆಯಲ್ಲಿ ಪಾಠ ಹೇಳಿ ಈಗ ಮನೆಯಲ್ಲಿದ್ದೇನೆ. ನಿಮ್ಮ ಮಕ್ಕಳಲ್ಲಿ ಕೆಲವರು ನನ್ನ ಕೈಯಲ್ಲಿ ಅಕ್ಷರ ಕಲಿತವರು. ಆ ಸಲಿಗೆಯಿಂದ, ಮೂರು ಸಂಘದಲ್ಲಿ ಯಾವುದಕ್ಕೂ ಸೇರದವಳೆಂಬ ಧೈರ್ಯದಿಂದ ಬರೆಯುತ್ತಿದ್ದೇನೆ. ಕೇಳಲಿಕ್ಕಿರುವುದು ಒಂದೇ. ಬೋಟು ನೀರಿಗಿಳಿಯುವ ಮೊದಲು ಮೂರೂ ಕಡೆಯವರು ಒಂದೇ ಚಾಪೆಯ ಮೇಲೆ ಕೂತು, ಮರಿಮೀನನ್ನು ಕಡಲಲ್ಲೇ ಬಿಟ್ಟರೆ ಆಗುವ ನಷ್ಟವನ್ನು ಯಾರು ಎಷ್ಟು ಹೊರಬೇಕೆಂದು ಮಾತಾಡಿ.

ಲಾಭದ ಮಾತು ಬಿಟ್ಟು ನಷ್ಟದ ಮಾತನ್ನೇ ಮೊದಲು ಎತ್ತಲು ಕಾರಣವಿದೆ. ಅದಕ್ಕೆ ರಂಪಣಿಯ ಕಾಲಕ್ಕೆ ಹೋಗಬೇಕು. ಈಗ ಸಂಘ ನಡೆಸುತ್ತಿರುವವರಲ್ಲಿ ಹೆಚ್ಚಿನವರು ರಂಪಣಿಯ ಹಗ್ಗ ಹಿಡಿದವರಲ್ಲ, ಆದ್ದರಿಂದ ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ.

ಮಳೆ ಕಳೆದು ಕಡಲು ತಣಿದ ಮೇಲೆ ಊರಿನ ಹಿರಿಯರೊಬ್ಬರು ದಡದ ಎತ್ತರದಲ್ಲಿ ನಿಂತು ನೀರಿನ ಬಣ್ಣ ನೋಡುತ್ತಿದ್ದರು. ಬಂಗುಡೆಯ ಹಿಂಡು ಬಂದರೆ ಆ ಜಾಗದ ನೀರು ಕಪ್ಪಾಗುತ್ತದೆ, ಮೇಲ್ಗಡೆ ಸಣ್ಣ ಮಳೆ ಬಿದ್ದ ಹಾಗೆ ನೀರು ಚಿಮ್ಮುತ್ತದೆ. ಅವರು ಕೂಗಿದ ಕೂಡಲೇ ದೋಣಿ ಬಲೆ ಬಿಡುತ್ತಾ ಹಿಂಡನ್ನು ಬಳಸಿಕೊಂಡು ದಡಕ್ಕೆ ಬರುತ್ತಿತ್ತು. ಎರಡು ತುದಿಯ ಹಗ್ಗಕ್ಕೆ ಒಂದೊಂದು ಕಡೆ ಮೂವತ್ತು ನಲವತ್ತು ಮಂದಿ. ಎಳೆಯುವಾಗ ಹಾಕುವ ಕೂಗು ನಮ್ಮ ಮನೆಯ ಜಗಲಿಗೆ ಕೇಳುತ್ತಿತ್ತು, ಕೂಗಿನ ಬಿರುಸು ನೋಡಿಯೇ ಅಮ್ಮ ಇವತ್ತು ಎಷ್ಟು ಬುಟ್ಟಿ ಎಂದು ಅಂದಾಜು ಮಾಡುತ್ತಿದ್ದರು. ಹಿಂಡು ತೀರಾ ದೊಡ್ಡದಾಗಿದ್ದರೆ ಬಲೆಯನ್ನು ನೀರಿನಲ್ಲೇ ನಿಲ್ಲಿಸಿ, ಎರಡು ಮೂರು ದಿನ, ಪೇಟೆಗೆ ಬೇಕಾದಷ್ಟನ್ನೇ ತೆಗೆಯುತ್ತಿದ್ದರು. ಐಸ್ ಇಲ್ಲದ ಕಾಲದಲ್ಲಿ ಕಡಲೇ ಶೀತಲಗೃಹ.

ಮತ್ತೆ ಪಾಲು. ಬಲೆಯ ತುಂಡು ಕೊಟ್ಟ ಮನೆಗೆ ಪಾಲು, ದೋಣಿಗೆ ಪಾಲು, ಹಗ್ಗ ಎಳೆದ ಕೈಗೆ ಪಾಲು, ದೇವರಿಗೆ ಪಾಲು. ಗಂಡನನ್ನು ಕಡಲಿಗೆ ಕಳೆದುಕೊಂಡ ಹೆಂಗಸು ಬಂದು ಹಗ್ಗ ಮುಟ್ಟಿದರೆ ಸಾಕು, ಅವಳಿಗೂ ಅಷ್ಟು ಮೀನು. ಬಲೆ ಬರಿದಾಗಿ ಬಂದ ದಿನ ಆ ಬರಿದಿಗೂ ಅಷ್ಟೇ ಮಂದಿ ಪಾಲುದಾರರು. ಆ ಕಾಲ ಬಂಗಾರದ್ದಾಗಿತ್ತೆಂದು ನಾನು ಹೇಳುವುದಿಲ್ಲ. ಜಗಳವಿತ್ತು, ಸಾಲವಿತ್ತು, ಅಪ್ಪ ತೀರಿಕೊಂಡಾಗಲೂ ಸಾಲ ತೀರಿರಲಿಲ್ಲ. ಆದರೆ ಒಬ್ಬನ ನಷ್ಟ ಒಬ್ಬನದೇ ಆಗಿ ಉಳಿಯುತ್ತಿರಲಿಲ್ಲ ಎಂಬುದು ನಿಜ.

1970ರ ದಶಕದ ನಡುವಿನಲ್ಲಿ ಪರ್ಸೀನ್ ಬಂತು. ಹಿಂಡು ದಡಕ್ಕೆ ಬರುವ ಮೊದಲೇ ಹೊರಗಡೆ ಸುತ್ತಿ, ಬುಡದ ಹಗ್ಗ ಬಿಗಿದು, ಸಂಚಿಯ ಬಾಯಿ ಕಟ್ಟಿದ ಹಾಗೆ ಮೀನನ್ನೆಲ್ಲ ಎತ್ತುವ ಬಲೆ. ದಡದಲ್ಲಿ ಕಾಯುವವರಿಗೆ ಏನೂ ಉಳಿಯಲಿಲ್ಲ. ಪ್ರತಿಭಟನೆ ನಡೆಯಿತು, ಹೊಡೆದಾಟ ನಡೆಯಿತು. ಕೆಲವೇ ವರ್ಷಗಳಲ್ಲಿ ರಂಪಣಿ ಮೂಲೆ ಸೇರಿತು. ರಂಪಣಿಯವರಲ್ಲೇ ಎಷ್ಟೋ ಮಂದಿ ಗುಂಪಾಗಿ ಸಾಲ ತೆಗೆದು ಪರ್ಸೀನ್ ಬೋಟಿಗೆ ಪಾಲುದಾರರಾದರು, ಉಳಿದವರು ಕೂಲಿಗೆ ಹೋದರು. ಆದ್ದರಿಂದ ಪರ್ಸೀನಿನವರನ್ನು ಹೊರಗಿನವರೆಂದು ಬೈಯುವುದು ನನಗೆ ಒಪ್ಪಿತವಾಗುವುದಿಲ್ಲ. ಇವತ್ತಿನ ಬೋಟಿನ ಮಾಲೀಕನ ಅಜ್ಜನೂ ನಾಡದೋಣಿಯವನ ಅಜ್ಜನೂ ಒಂದೇ ಹಗ್ಗ ಎಳೆದವರು.

ಆಮೇಲಿನ ನಲವತ್ತು ವರ್ಷದ ಕಥೆ ನನಗಿಂತ ನಿಮಗೆ ಚೆನ್ನಾಗಿ ಗೊತ್ತು. ಬೋಟು ಉದ್ದವಾಯಿತು, ಇಂಜಿನ್ ದೊಡ್ಡದಾಯಿತು, ಬಲೆಯ ಕಣ್ಣು ಸಣ್ಣದಾಯಿತು. ಒಂದು ದಿನದ ಮೀನುಗಾರಿಕೆ ಹತ್ತು ಹನ್ನೆರಡು ದಿನದ್ದಾಯಿತು. ಜನರೇಟರ್ ಇಟ್ಟು ರಾತ್ರಿಯನ್ನು ಹಗಲು ಮಾಡುವ ಬೆಳಕು ಮೀನುಗಾರಿಕೆ ಬಂತು, ಎರಡು ಬೋಟು ಸೇರಿ ಒಂದೇ ಬಲೆ ಎಳೆಯುವ ಬುಲ್‌ಟ್ರಾಲ್ ಬಂತು.

ಕಾನೂನು ಇಲ್ಲವೇ ಎಂದರೆ, ಇದೆ. ಕರ್ನಾಟಕ ಸಾಗರ ಮೀನುಗಾರಿಕೆ ನಿಯಂತ್ರಣ ಕಾಯ್ದೆ 1986ರದು. ಟ್ರಾಲ್ ಬಲೆಯ ತುದಿಚೀಲದ ಕಣ್ಣು 35 ಮಿಲಿಮೀಟರಿಗಿಂತ ಕಿರಿದಾಗಬಾರದೆಂಬ ನಿಯಮವಿದೆ. ಬೆಳಕು ಮೀನುಗಾರಿಕೆಯನ್ನೂ ಬುಲ್‌ಟ್ರಾಲನ್ನೂ ಕೇಂದ್ರ ಸರ್ಕಾರ 2017ರ ನವೆಂಬರಿನಲ್ಲೇ ನಿಷೇಧಿಸಿದೆ. ಆದರೂ ಕತ್ತಲೆಯಾದ ಮೇಲೆ ನಮ್ಮ ದಡದಲ್ಲಿ ನಿಂತರೆ ಹೊರಗಡೆ ಬೆಳಕಿನ ಸಾಲು ಕಾಣುತ್ತದೆ. ದಡದಿಂದ 12 ನಾಟಿಕಲ್ ಮೈಲಿಯವರೆಗೆ ರಾಜ್ಯದ್ದು, ಅಲ್ಲಿಂದ ಆಚೆ ಕೇಂದ್ರದ್ದು. ಹಿಡಿಯುವವನು ಗೆರೆ ದಾಟಿದರೆ ಬೆನ್ನಟ್ಟುವವನು ಬದಲಾಗಬೇಕು. ಮೀನುಗಾರಿಕೆ ಇಲಾಖೆಯ ಹತ್ತಿರ ಅಷ್ಟು ದೋಣಿಯೂ ಇಲ್ಲ, ಜನವೂ ಇಲ್ಲ. ನಾಡದೋಣಿಯವರು ದೂರು ಕೊಡುತ್ತಾರೆ, ಬೋಟಿನವರು ರಸ್ತೆತಡೆ ಮಾಡುತ್ತಾರೆ, ಅಧಿಕಾರಿಗಳು ಇಬ್ಬರನ್ನೂ ಕರೆದು ಚಹಾ ಕೊಟ್ಟು ಕಳಿಸುತ್ತಾರೆ. ವರ್ಷ ವರ್ಷ ಇದೇ.

ಬೈಗೆ ಮೀನಿನ ವಿಷಯ ಹೇಳುತ್ತೇನೆ. ಮಂಗಳೂರು, ಮಲ್ಪೆಯವರಿಗೆ ಅದು ಬೂತಾಯಿ, ಕಾರವಾರದ ಕಡೆ ತಾರ್ಲೆ. ಬಡವರ ಮನೆಯ ಮೀನು. ಕೇರಳದಲ್ಲಿ 2012ರಲ್ಲಿ ಇದು ಹತ್ತಿರ ಹತ್ತಿರ ನಾಲ್ಕು ಲಕ್ಷ ಟನ್ ಸಿಕ್ಕಿತ್ತು. 2021ರಲ್ಲಿ ಸಿಕ್ಕಿದ್ದು ಬರೇ 3,297 ಟನ್. ನಾಲ್ಕು ಲಕ್ಷ ಎಲ್ಲಿ, ಮೂರು ಸಾವಿರ ಎಲ್ಲಿ! ಎಲ್ ನಿನೋ ಬಂದು ಕಡಲು ಬಿಸಿಯಾಗಿದ್ದು ಒಂದು ಕಾರಣ, ಮೊಟ್ಟೆ ಇಡುವ ಮೀನನ್ನೂ ಮರಿಯನ್ನೂ ಒಟ್ಟಿಗೆ ಬಾಚಿದ್ದು ಇನ್ನೊಂದು ಕಾರಣವೆಂದು ಕೇಂದ್ರ ಸಾಗರ ಮೀನುಗಾರಿಕಾ ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳು ಬರೆದರು. ಅದೇ ಮೀನು 2022ರಲ್ಲಿ ಮತ್ತೆ ಒಂದು ಲಕ್ಷ ಟನ್ ದಾಟಿತು. ಬೈಗೆ ಎರಡೂವರೆ ವರ್ಷಕ್ಕಿಂತ ಹೆಚ್ಚು ಬಾಳುವ ಮೀನಲ್ಲ. ಒಂದು ವರ್ಷದೊಳಗೆ ಬೆಳೆದು, ಮಳೆಗಾಲದಲ್ಲಿ ಮೊಟ್ಟೆ ಇಟ್ಟು, ಎರಡು ಋತು ಒಳ್ಳೆಯದಾದರೆ ಕಡಲು ತುಂಬಿಬಿಡುತ್ತದೆ. ಅಷ್ಟು ಬೇಗ ಹೋಗುವ ಮೀನು ಅಷ್ಟೇ ಬೇಗ ಬರುವುದೂ ಉಂಟು. ಕಡಲಿನ ಬಿಸಿ ನಮ್ಮ ಕೈಯಲ್ಲಿಲ್ಲ. ಮರಿಯನ್ನು ಬಿಡುವುದು ನಮ್ಮ ಕೈಯಲ್ಲಿದೆ.

ಕೇರಳ ಅದಕ್ಕೊಂದು ದಾರಿ ಮಾಡಿತು. ಇಂತಿಂಥ ಮೀನು ಇಷ್ಟು ಉದ್ದಕ್ಕಿಂತ ಕಿರಿದಾಗಿದ್ದರೆ ಹಿಡಿಯಬಾರದು, ಮಾರಬಾರದು ಎಂದು 2015ರಲ್ಲಿ ಆದೇಶ ತಂದಿತು. ಬೈಗೆಗೆ 10 ಸೆಂಟಿಮೀಟರ್. ಅಂಗೈಗೆ ಅಡ್ಡ ಇಟ್ಟು ನೋಡಿದರೆ ತಿಳಿಯುವ ಅಳತೆ. ಆದರೆ ಗಡಿಯ ಆಚೆ ಮಾರಬಾರದ ಮೀನಿಗೆ ಗಡಿಯ ಈಚೆ ಗಿರಾಕಿ ಇದ್ದರೆ ಆ ಅಳತೆ ಏನು ಕೆಲಸ ಮಾಡೀತು? ಮೀನಿಗೆ ತಲಪಾಡಿಯ ಚೆಕ್‌ಪೋಸ್ಟ್ ಗೊತ್ತಿಲ್ಲ.

ಎರಡು ವರ್ಷದ ಹಿಂದೆ, ಡಿಸೆಂಬರ್ ತಿಂಗಳಲ್ಲಿ, ಬೆಳಗ್ಗೆ ಐದು ಗಂಟೆಗೆ ಒಂದು ದಕ್ಕೆಯಲ್ಲಿ ನಿಂತಿದ್ದೆ. ಯಾವ ದಕ್ಕೆ ಎನ್ನುವುದು ಬೇಡ, ಎಲ್ಲ ಕಡೆಯೂ ಅದೇ ದೃಶ್ಯ. ಬೋಟಿನಿಂದ ಒಳ್ಳೆಯ ಮೀನು ಬುಟ್ಟಿಯಲ್ಲಿ ಇಳಿಯಿತು, ಏಲಂ ಆಯಿತು. ಆಮೇಲೆ ಸಲಿಕೆ ಬಂತು. ಸಲಿಕೆಯಿಂದ ಬಾಚಿ ಲಾರಿಗೆ ತುಂಬುತ್ತಿದ್ದದ್ದನ್ನು ಬಗ್ಗಿ ನೋಡಿದೆ. ಬೆರಳುದ್ದದ ಅಂಜಲ್ ಮರಿ, ದಾರದಷ್ಟು ತೆಳುವಾದ ಪಾಂಬೊಲ್, ಹೆಬ್ಬೆರಳಿನ ಉಗುರಷ್ಟು ಬೊಂಡಾಸ್. ಎಲ್ಲ ಫಿಶ್‌ಮೀಲ್ ಕಾರ್ಖಾನೆಗೆ. ಅಲ್ಲಿ ಪುಡಿಯಾಗಿ, ಎಣ್ಣೆಯಾಗಿ, ಕೋಳಿಗೂ ಸಿಗಡಿ ಕೆರೆಗೂ ಆಹಾರವಾಗಿ ಹೋಗುತ್ತದೆ. ಬೆಳೆದರೆ ಕಿಲೋಗೆ ನೂರಾರು ರೂಪಾಯಿ ಬಾಳಬೇಕಾದ ಮೀನು ಕೆಲವು ರೂಪಾಯಿಗೆ ಗೊಬ್ಬರದ ಹಾಗೆ ಹೋಯಿತು. ಪಕ್ಕದಲ್ಲಿ ನಿಂತಿದ್ದ, ಬೋಟು ನಡೆಸುವ ತಾಂಡೇಲರೊಬ್ಬರನ್ನು ಕೇಳಿದೆ: "ಇದನ್ನು ನೀರಿನಲ್ಲೇ ಬಿಡಲಿಕ್ಕಾಗುವುದಿಲ್ಲವಾ?"

"ಟೀಚರೇ, ನಾನು ಬಿಟ್ಟರೆ ಹಿಂದಿನ ಬೋಟಿನವ ಎತ್ತುತ್ತಾನೆ. ಈ ಲಾರಿಯ ದುಡ್ಡಿನಲ್ಲೇ ನನ್ನ ಡೀಸೆಲ್ ಆಗುವುದು" ಎಂದರು.

ಅವರು ಹೇಳಿದ್ದರಲ್ಲಿ ಒಂದಕ್ಷರ ಸುಳ್ಳಿಲ್ಲ. ಅಂದಿನಿಂದ ಈ ಪತ್ರ ನನ್ನ ಮನಸ್ಸಿನಲ್ಲಿದೆ. ಆ ತಾಂಡೇಲರಿಗೆ ಮರಿಮೀನು ನಾಳೆಯ ಅಂಜಲ್ ಎಂದು ಯಾರೂ ಕಲಿಸಿಕೊಡಬೇಕಾಗಿಲ್ಲ. ಅವರಿಗೆ ಬೇಕಾದ್ದು, ನಾನು ಬಿಟ್ಟರೆ ಅವನೂ ಬಿಡುತ್ತಾನೆ ಎಂಬ ನಂಬಿಕೆ. ಮತ್ತೆ, ಬಿಟ್ಟ ವರ್ಷ ಡೀಸೆಲ್ ಸಾಲ ಕಟ್ಟಲು ಒಂದು ಆಸರೆ. ಈ ಎರಡನ್ನೂ ಒಬ್ಬೊಬ್ಬರಾಗಿ ಹುಟ್ಟಿಸಲು ಆಗುವುದಿಲ್ಲ.

ಬೇರೆ ಕಡೆ ಇದು ಆಗಿದೆ. ಗುಜರಾತಿನ ಸೌರಾಷ್ಟ್ರದ ಕಡಲಿನಲ್ಲಿ ತಿಮಿಂಗಿಲ ಶಾರ್ಕನ್ನು ಎಣ್ಣೆಗಾಗಿ ಕೊಲ್ಲುತ್ತಿದ್ದರು. 2001ರಲ್ಲಿ ಅದಕ್ಕೆ ಕಾನೂನಿನ ರಕ್ಷಣೆ ಸಿಕ್ಕಿತು. ಕಾನೂನು ಬಂದ ಮಾತ್ರಕ್ಕೆ ಯಾರು ಬಲೆ ಕತ್ತರಿಸುತ್ತಾರೆ? 2004ರಲ್ಲಿ ಅಲ್ಲಿ ಒಂದು ಅಭಿಯಾನ ಶುರುವಾಯಿತು. ರಾಮಕಥೆ ಹೇಳುವ ಮೊರಾರಿ ಬಾಪು ಆ ಮೀನನ್ನು ಹೆರಿಗೆಗೆ ತವರಿಗೆ ಬರುವ ಮಗಳೆಂದು ಕರೆದರು, ವನ್ಯಜೀವಿ ಸಂಸ್ಥೆಯವರು ಹಳ್ಳಿ ಹಳ್ಳಿ ತಿರುಗಿದರು, ಮೀನು ಬಿಡಿಸಲು ಕತ್ತರಿಸಿದ ಬಲೆಗೆ ಅರಣ್ಯ ಇಲಾಖೆ ಪರಿಹಾರ ಕೊಡತೊಡಗಿತು. ಅಲ್ಲಿಂದೀಚೆಗೆ ಮೀನುಗಾರರೇ ನೂರಾರು ಶಾರ್ಕ್‌ಗಳನ್ನು ಬಿಡಿಸಿ ಕಡಲಿಗೆ ಕಳಿಸಿದ್ದಾರೆ. ಮಗಳೆಂಬ ಮಾತು ಮನಸ್ಸಿಗೆ ತಾಗಿತು, ಸರಿ. ಬಲೆಯ ದುಡ್ಡು ಬರದಿದ್ದರೆ ಆ ಮಾತು ಎರಡು ವರ್ಷ ಬಾಳುತ್ತಿತ್ತೋ ಇಲ್ಲವೋ.

ಇನ್ನೊಂದು ಉದಾಹರಣೆ ನಮಗೆ ಇನ್ನೂ ಹತ್ತಿರದ್ದು. ಕೊಲ್ಲಂನ ಅಷ್ಟಮುಡಿ ಹಿನ್ನೀರಿನಲ್ಲಿ ಚಿಪ್ಪಿ ಹೆಕ್ಕಿ ಬದುಕುವ ಸಾವಿರಾರು ಕುಟುಂಬಗಳಿವೆ. 1990ರ ದಶಕದಲ್ಲಿ ಪರದೇಶಕ್ಕೆ ರಫ್ತು ಏರಿ ಚಿಪ್ಪಿ ಬರಿದಾಗುತ್ತಾ ಬಂತು. ಆಗ ಹೆಕ್ಕುವವರು, ವಿಜ್ಞಾನಿಗಳು, ಸರ್ಕಾರ ಕೂತು, ಮರಿಯಾಗುವ ತಿಂಗಳುಗಳಲ್ಲಿ ಹೆಕ್ಕಬಾರದು, ಬಲೆಯ ಕಣ್ಣು ಇಷ್ಟಿರಬೇಕು, ಇಷ್ಟಕ್ಕಿಂತ ಸಣ್ಣ ಚಿಪ್ಪಿ ರಫ್ತಾಗಬಾರದು ಎಂದು ಕಟ್ಟು ಮಾಡಿಕೊಂಡರು. ಹಿಡಿಯುವವನನ್ನೂ ಕೊಳ್ಳುವವನನ್ನೂ ಒಂದೇ ಕಟ್ಟಿನೊಳಗೆ ತಂದದ್ದು ಅದರ ಜಾಣತನ. 2014ರಲ್ಲಿ ಆ ಚಿಪ್ಪಿಗೆ ಅಂತರರಾಷ್ಟ್ರೀಯ ಪ್ರಮಾಣಪತ್ರ ಬಂತು, ಭಾರತದಲ್ಲೇ ಅಂಥ ಮನ್ನಣೆ ಪಡೆದ ಮೊದಲ ಮೀನುಗಾರಿಕೆ ಅದು.

ಅಷ್ಟಮುಡಿಯಲ್ಲಿ ಆದದ್ದು ನಮ್ಮ ಅಘನಾಶಿನಿ ನದಿಯ ಅಳಿವೆಯಲ್ಲಿ ಆಗಬೇಕು ಎಂದು ನನಗೆ ಬಹಳ ಆಸೆ. ಮುಖಂಡರೇ, ನಿಮ್ಮಲ್ಲಿ ಆಳಸಮುದ್ರಕ್ಕೆ ಹೋಗುವವರಿಗೆ ಅಳಿವೆಯ ಬೆಳಚು ಚಿಪ್ಪಿ ಹೆಕ್ಕುವ ಹೆಂಗಸರ ಜೊತೆ ಏನು ಸಂಬಂಧ ಎನಿಸಬಹುದು. ಬಹಳ ಸಂಬಂಧವಿದೆ. ನೀವು ಹಿಡಿಯುವ ಬಿಳಿ ಸಿಗಡಿ ಕಡಲಲ್ಲಿ ಹುಟ್ಟಿ, ತೀರಾ ಸಣ್ಣದಿರುವಾಗಲೇ ಭರತದ ನೀರಿನ ಜೊತೆ ಅಳಿವೆಯೊಳಗೆ ಬಂದು, ಕಾಂಡ್ಲಾ (ಮ್ಯಾಂಗ್ರೋವ್) ಗಿಡದ ಬೇರಿನ ಸಂದಿಯಲ್ಲಿ ಬೆಳೆದು, ಆಮೇಲೆ ಕಡಲಿಗೆ ಮರಳುತ್ತದೆ. ಅಳಿವೆ ಕೆಟ್ಟರೆ ಬೋಟಿನ ಬಲೆ ಕೆಡುತ್ತದೆ.

ಅಘನಾಶಿನಿಗೆ ಎಲ್ಲೂ ಅಣೆಕಟ್ಟಿಲ್ಲ. ಶಿರಸಿಯ ಕಡೆ ಹುಟ್ಟಿದ ನೀರು ತಡೆಯಿಲ್ಲದೆ ಕುಮಟೆಯ ಬಳಿ ಕಡಲು ಸೇರುತ್ತದೆ. ಆ ಅಳಿವೆಯ 4,801 ಹೆಕ್ಟೇರ್ 2024ರ ಜನವರಿಯಲ್ಲಿ, ಅಂತರರಾಷ್ಟ್ರೀಯ ಮಹತ್ವದ ಜೌಗುಪ್ರದೇಶಗಳ ರಾಮ್ಸಾರ್ ಪಟ್ಟಿಗೆ ಸೇರಿತು. ಮೀನು, ಬೆಳಚು, ಏಡಿ, ಸಿಗಡಿ, ಗಜನಿ ಗದ್ದೆ, ಸಾಣಿಕಟ್ಟಾದ ಉಪ್ಪು, ಇವನ್ನು ನಂಬಿ ಅಲ್ಲಿ 6,000ದಿಂದ 7,500 ಕುಟುಂಬಗಳು ಬದುಕುತ್ತವೆ. ಗಜನಿಯೆಂದರೆ ಉಪ್ಪುನೀರಿನ ಪಕ್ಕದ ಗದ್ದೆ. ಮಳೆಗಾಲದಲ್ಲಿ ನದಿಯ ಸಿಹಿನೀರು ಉಪ್ಪನ್ನು ತೊಳೆದಾಗ ಅಲ್ಲಿ ಕಗ್ಗ ಭತ್ತ ಬಿತ್ತುತ್ತಾರೆ. ನೆರೆ ಬಂದು ಮುಳುಗಿದರೂ ಕೊಳೆಯದ, ಉಪ್ಪಿಗೂ ಜಗ್ಗದ ತಳಿ ಅದು, ಗೊಬ್ಬರ ಕೇಳುವುದಿಲ್ಲ. ಕೊಯ್ಲು ಮುಗಿದ ಮೇಲೆ ತೂಬು ತೆಗೆದು ಭರತದ ನೀರು ಬಿಟ್ಟುಕೊಂಡರೆ ಅದರ ಜೊತೆ ಸಿಗಡಿ, ಮೀನು ಒಳಗೆ ಬಂದು ಕೊಯ್ದ ಪೈರಿನ ಬುಡದಲ್ಲಿ ಮೇಯುತ್ತವೆ. ಗದ್ದೆಯ ಕಟ್ಟನ್ನು ಒಬ್ಬನಿಂದ ಕಾಯಲಾಗದು, ಎಲ್ಲ ಗದ್ದೆಯವರೂ ಸೇರಿಯೇ ಕಾಯಬೇಕು. ಆಮೇಲೆ ಕಾಯಂ ಕಟ್ಟೆ ಬಂತು, ಕಾಂಡ್ಲಾ ಸತ್ತಿತು. 1990ರ ದಶಕದಲ್ಲಿ ಸಿಗಡಿ ಕೃಷಿಯ ಭರಾಟೆ ಬಂತು, ರೋಗ ತಗುಲಿ ಎಷ್ಟೋ ಕೆರೆಗಳು ಪಾಳುಬಿದ್ದವು. ಈಗ ಅರಣ್ಯ ಇಲಾಖೆ ಮತ್ತು ಊರವರು ಸೇರಿ ಕಾಂಡ್ಲಾ ನೆಟ್ಟ ಕಡೆ ಮತ್ತೆ ಹಸಿರು ಎದ್ದಿದೆ, ಮಾಣಿಕಟ್ಟಾದಂಥ ಊರಿನಲ್ಲಿ ಕಗ್ಗವನ್ನು ಇಂದಿಗೂ ಕೂಡಿಯೇ ಬೆಳೆಯುತ್ತಾರೆ. ಈ ಅಳಿವೆಯ ಬಾಯಲ್ಲೇ ತದಡಿಯಲ್ಲಿ 4,000 ಮೆಗಾವಾಟ್‌ನ ಕಲ್ಲಿದ್ದಲು ವಿದ್ಯುತ್ ಸ್ಥಾವರ ಕಟ್ಟುವ ಯೋಚನೆಯಿತ್ತು. ಜನ ಬಿಡಲಿಲ್ಲ. ಬಿಟ್ಟಿದ್ದರೆ ಇವತ್ತು ರಾಮ್ಸಾರ್ ಪಟ್ಟಿಗೆ ಸೇರಿಸಲು ಅಲ್ಲಿ ಏನಿರುತ್ತಿತ್ತು?

ಹೋರಾಟದ ಮಾತು ಬಂದದ್ದಕ್ಕೆ ಹೇಳುತ್ತೇನೆ. ಹೊನ್ನಾವರದ ಕಾಸರಕೋಡು ಟೊಂಕದಲ್ಲಿ, ಅಂಕೋಲೆಯ ಕೇಣಿಯಲ್ಲಿ ಬಂದರು ಯೋಜನೆಯ ವಿರುದ್ಧ ಜನ ದಡಕ್ಕೆ ಇಳಿದಾಗ ದೋಣಿಯವನು, ಬೋಟಿನವನು ಎಂಬ ಭೇದ ಯಾರಿಗೂ ನೆನಪಾಗಲಿಲ್ಲ. ಖಾರ್ವಿ, ಹರಿಕಂತ್ರ, ಅಂಬಿಗ, ಗಾಬಿತ, ಮೊಗೇರ, ಹಿಂದೂ, ಮುಸ್ಲಿಂ, ಕ್ರೈಸ್ತ ಎಲ್ಲ ಒಟ್ಟಿಗೆ ನಿಂತರು. ಹೆಂಗಸರು ಮುಂದೆ ನಿಂತರು. ಹೊರಗಿನಿಂದ ಆಪತ್ತು ಬಂದಾಗ ಕೂಡುವ ಶಕ್ತಿ ನಿಮಗಿದೆ. ನಿಮ್ಮ ನಿಮ್ಮಲ್ಲೇ ಕಡಲನ್ನು ಬರಿದು ಮಾಡುತ್ತಿರುವಾಗ ಆ ಶಕ್ತಿ ಎಲ್ಲಿ ಹೋಗುತ್ತದೆ ಎಂದು ಕೇಳುವುದು ನನ್ನ ಹಕ್ಕು.

ಈಗ ಚಾಪೆಯ ಮೇಲೆ ಯಾರ್‍ಯಾರು ಕೂರಬೇಕು ಎಂಬ ಮಾತು. ನಿಮ್ಮ ಸಭೆಗಳ ಫೋಟೊ ಪತ್ರಿಕೆಯಲ್ಲಿ ನೋಡುತ್ತೇನೆ. ಒಂದು ಹೆಂಗಸಿನ ಮುಖವೂ ಕಾಣುವುದಿಲ್ಲ. ಕಡಲಿನಲ್ಲಿ ಏನು ಕಡಿಮೆಯಾಗಿದೆ ಎಂದು ಎಲ್ಲರಿಗಿಂತ ಮೊದಲು ತಿಳಿಯುವುದು ಬುಟ್ಟಿ ಹೊರುವವಳಿಗೆ. ಮೊದಲು ಹೊಯ್ಗೆಯ ಮೇಲೆ ಹರಡಿ ಒಣಗಿಸುತ್ತಿದ್ದ ಸಣ್ಣ ಮೀನು ಇವತ್ತು ದಕ್ಕೆಯಿಂದ ನೇರ ಫಿಶ್‌ಮೀಲ್ ಲಾರಿ ಹತ್ತುತ್ತದೆ, ಒಣಮೀನು ಮಾಡುವವಳ ಕೈಗೆ ಸಿಗುವುದಿಲ್ಲ. ಮಳೆಗಾಲದ ಎರಡು ತಿಂಗಳು ಎಷ್ಟೋ ಮನೆಯ ಒಲೆ ಉರಿಯುತ್ತಿದ್ದದ್ದೇ ಆ ಒಣಮೀನಿನಿಂದ. ಅವಳನ್ನು ಕೂರಿಸದೆ ಮರಿಮೀನಿನ ಮಾತು ಹೇಗೆ ಮುಗಿಯುತ್ತದೆ? ಹಾಗೆಯೇ ಒಡಿಶಾ, ಆಂಧ್ರ, ಜಾರ್ಖಂಡ್, ಛತ್ತೀಸ್‌ಗಢದಿಂದ ಬಂದು ನಿಮ್ಮ ಬೋಟಿನಲ್ಲಿ ಬಲೆ ಎಳೆಯುವ ಹುಡುಗರು. ಬಲೆ ಎತ್ತುವ ಕೈ ಅವರದು, ಮರಿ ಬಿಡಬೇಕಾದ ಕೈಯೂ ಅವರದು. ಅವರ ಭಾಷೆಯಲ್ಲಿ ಒಬ್ಬರಾದರೂ ಈ ಮಾತು ಹೇಳಬೇಡವೇ?

ಫಿಶ್‌ಮೀಲ್ ಕಾರ್ಖಾನೆಯವರು ಕೂರಲೇಬೇಕು. ಅಷ್ಟಮುಡಿಯಲ್ಲಿ ರಫ್ತುದಾರ ಸಣ್ಣ ಚಿಪ್ಪಿ ಕೊಳ್ಳದಿದ್ದಾಗ ಹೆಕ್ಕುವವನು ಹೆಕ್ಕಲಿಲ್ಲ. ಇಲ್ಲಿಯೂ ಲಾರಿ ಮರಿಮೀನನ್ನು ತುಂಬಿಕೊಳ್ಳದಿದ್ದರೆ ಸಲಿಕೆ ತಾನಾಗಿ ನಿಲ್ಲುತ್ತದೆ. ನಾಳೆಯ ಮೀನೇ ಇಲ್ಲವಾದರೆ ಕಾರ್ಖಾನೆಯ ಬಾಯ್ಲರಿಗೂ ಕೆಲಸವಿಲ್ಲವೆಂದು ಅವರಿಗೆ ಅರ್ಥವಾಗದ ವಿಷಯವಲ್ಲ. ಒಂದು ದಕ್ಕೆಯವರು ಮಾತ್ರ ಒಪ್ಪಿದರೆ ಮೀನು ಇನ್ನೊಂದು ದಕ್ಕೆಗೆ ಹೋಗುತ್ತದೆ, ಆದ್ದರಿಂದ ಉಳ್ಳಾಲದಿಂದ ಕಾರವಾರದವರೆಗೆ ಒಂದೇ ದಿನದಿಂದ ಜಾರಿಯಾಗಬೇಕು.

ವಿಜ್ಞಾನಿಗಳನ್ನು ಕರೆಯಿರಿ. 1969ರಲ್ಲಿ ಶುರುವಾದ ಮಂಗಳೂರಿನ ಮೀನುಗಾರಿಕಾ ಕಾಲೇಜು ಈ ದೇಶದ ಮೊದಲ ಮೀನುಗಾರಿಕಾ ಕಾಲೇಜು. ಸಾಗರ ಮೀನುಗಾರಿಕಾ ಸಂಶೋಧನಾ ಸಂಸ್ಥೆಯ ಕೇಂದ್ರವೂ ಮಂಗಳೂರಿನಲ್ಲಿದೆ. ಅಲ್ಲಿಯವರು ದಿನಾ ದಕ್ಕೆಗೆ ಬಂದು ಮೀನು ಅಳೆದು ಬರೆದುಕೊಂಡು ಹೋಗುವುದನ್ನು ನೀವು ನೋಡಿದ್ದೀರಿ. ಆ ಲೆಕ್ಕವನ್ನು ಕನ್ನಡದಲ್ಲಿ, ತುಳುವಿನಲ್ಲಿ, ಕೊಂಕಣಿಯಲ್ಲಿ ನಿಮ್ಮೆದುರು ಇಡಲು ಹೇಳಿ. ನೀವೂ ನಿಮ್ಮ ಲೆಕ್ಕ ಅವರೆದುರು ಇಡಿ. ದಕ್ಕೆಯಲ್ಲಿ ಕಾರ್ಗಿಲ್ ಎಂದು ಕರೆಯುವ ಕಪ್ಪು ಮೀನು ಯಾವ ವರ್ಷದಿಂದ ರಾಶಿ ರಾಶಿ ಬರತೊಡಗಿತು, ತೂಫಾನ್ ಎದ್ದ ಮೇಲೆ ಬಲೆಗೆ ಬೀಳುತ್ತಿದ್ದ ಮೀನು ಯಾವ ವರ್ಷದಿಂದ ಬೀಳುತ್ತಿಲ್ಲ ಎಂಬುದು ನಿಮ್ಮ ತಾಂಡೇಲರ ತಲೆಯಲ್ಲಿದೆ. ಯಾವ ಪುಸ್ತಕದಲ್ಲೂ ಇಲ್ಲ.

ಕಡಲ್ಕೊರೆತದ ವಿಷಯದಲ್ಲೂ ನಿಮ್ಮ ಮಾತು ಕೇಳಿದ್ದರೆ ತಡೆಗೋಡೆಗೆ ಸುರಿದ ಎಷ್ಟೋ ಕಲ್ಲು ಉಳಿಯುತ್ತಿತ್ತು. ಹೊಯ್ಗೆ ಎಲ್ಲಿಂದ ಎಲ್ಲಿಗೆ ಸರಿಯುತ್ತದೆಂದು ನಾಡದೋಣಿಯ ಮುದುಕರಿಗೆ ಗೊತ್ತಿತ್ತು. ಒಂದು ಕಡೆ ಗೋಡೆ ಕಟ್ಟಿದರೆ ಕಡಲು ಅದರ ಪಕ್ಕವನ್ನು ತಿನ್ನುತ್ತದೆ. ಹೊಯ್ಗೆಯ ದಡ ಹೋದರೆ ದೋಣಿ ಎಳೆಯಲು ಜಾಗವಿಲ್ಲ, ಮೀನು ಒಣಗಿಸಲು ಜಾಗವಿಲ್ಲ, ಕಡಲಾಮೆಗೆ ಮೊಟ್ಟೆ ಇಡಲೂ ಜಾಗವಿಲ್ಲ. ಕುಂದಾಪುರದ ಕೋಡಿಯಲ್ಲಿ ಊರ ಹುಡುಗರು ರಾತ್ರಿ ಕಾದು ಆಮೆಯ ಮರಿಗಳನ್ನು ಕಡಲಿಗೆ ಬಿಡುತ್ತಾರೆ, ಅರಣ್ಯ ಇಲಾಖೆಯವರು ಜೊತೆಗಿರುತ್ತಾರೆ. ಅಂಥ ಸಣ್ಣ ಸಣ್ಣ ಜೊತೆ ಈಗಾಗಲೇ ನಮ್ಮಲ್ಲಿ ಇವೆ.

ಪ್ಲಾಸ್ಟಿಕ್‌ ಬಗ್ಗೆಯೂ ಅಂಥ ಜೊತೆ ಸಾಧ್ಯ, ಎರಡು ಮಾತು ಸಾಕು. ಕೊಲ್ಲಂನ ನೀಂಡಕರ ಬಂದರಿನಲ್ಲಿ 2017ರಿಂದ ಬೋಟಿನವರು ಬಲೆಗೆ ಬಂದ ಪ್ಲಾಸ್ಟಿಕ್ಕನ್ನು ಚೀಲದಲ್ಲಿ ದಡಕ್ಕೆ ತಂದರು. ಹೆಂಗಸರು ಸಂಬಳಕ್ಕೆ ಅದನ್ನು ತೊಳೆದು ಬೇರ್ಪಡಿಸಿದರು, ಪುಡಿ ಮಾಡಿದ್ದು ರಸ್ತೆಯ ಡಾಂಬರಿಗೆ ಸೇರಿತು. ಬೋಟಿನವನಿಗೆ ಚೀಲ ಕೊಟ್ಟು, ದಡದಲ್ಲಿ ಒಂದು ಶೆಡ್ ಹಾಕಿದರೆ ಮಲ್ಪೆಯಲ್ಲೂ ಆಗುವ ಕೆಲಸ.

ಸರ್ಕಾರ ಏನು ಮಾಡಬೇಕು ಎಂದು ನೀವು ಕೇಳುತ್ತೀರಿ. ಡೀಸೆಲ್, ಸೀಮೆಎಣ್ಣೆಯ ಸಬ್ಸಿಡಿಯಲ್ಲಿ ಒಂದು ಭಾಗವನ್ನು 35 ಮಿಲಿಮೀಟರ್ ಬಲೆ ಹಾಕಿದ ಬೋಟಿಗೆ, ಬೆಳಕು ಇಡದ ಬೋಟಿಗೆ ಹೆಚ್ಚಾಗಿ ಕೊಡಲಿ. ಮರಿಮೀನು ಬಿಟ್ಟ ಮೊದಲ ಎರಡು ವರ್ಷ ಆದಾಯ ಬೀಳುತ್ತದೆ, ಆ ಬೀಳುವಿಕೆಗೆ ಒಂದು ನಿಧಿ ಇರಲಿ. ಸರ್ಕಾರ ಅದಕ್ಕೆ ಹಾಕಲಿ, ಕಾರ್ಖಾನೆ ಹಾಕಲಿ, ರಫ್ತುದಾರ ಹಾಕಲಿ, ಪ್ರತಿ ಬೋಟೂ ಏಲಂನಿಂದ ಒಂದಿಷ್ಟು ಹಾಕಲಿ. ದೇವರ ಪಾಲು ತೆಗೆದಿಡುವುದು ನಮಗೆ ಹೊಸತಲ್ಲ, ಮರಿಯ ಪಾಲೂ ಹಾಗೆಯೇ ಮೊದಲೇ ಪ್ರತ್ಯೇಕವಾಗಲಿ. ಆದರೆ ಇದನ್ನೆಲ್ಲ ಸರ್ಕಾರದ ಹತ್ತಿರ ಕೇಳಲು ಮೂರು ಸಂಘದವರು ಮೂರು ದಿನ ಮೂರು ಮನವಿ ಹಿಡಿದು ಬೆಂಗಳೂರಿಗೆ ಹೋದರೆ ಏನಾಗುತ್ತದೆಂದು ನಲವತ್ತು ವರ್ಷದಿಂದ ನೋಡಿದ್ದೇವೆ. ಮಂತ್ರಿಗಳು ಮೂರು ಮನವಿಯನ್ನೂ ಸ್ವೀಕರಿಸುತ್ತಾರೆ. ಒಂದು ಮನವಿ, ಮೂರು ಸಹಿ ಇದ್ದರೆ ಅದನ್ನು ಪಕ್ಕಕ್ಕಿಡುವುದು ಯಾರಿಗಾದರೂ ಕಷ್ಟ.

ನಾಡದೋಣಿಯ ಹಿರಿಯರೇ, ಬೋಟಿನವರನ್ನು ಕಳ್ಳರೆಂದು ಕರೆಯುವುದನ್ನು ಒಂದು ದಿನದ ಮಟ್ಟಿಗೆ ಬಿಟ್ಟು ಬನ್ನಿ. ಮಳೆಗಾಲದಲ್ಲಿ ಮಾಟುಬಲೆಗೆ ಬೀಳುವ ಮೊಟ್ಟೆ ತುಂಬಿದ ಬೈಗೆಯ ಬಗ್ಗೆ ನೀವೂ ಉತ್ತರ ಹೇಳಬೇಕಾಗುತ್ತದೆ. ಟ್ರಾಲ್‌ಬೋಟಿನವರೇ, ತುದಿಚೀಲದ ಕಣ್ಣನ್ನು ಎಲ್ಲರೆದುರು ಅಳೆಯಲು ಒಪ್ಪಿಕೊಂಡು ಬನ್ನಿ. ಪರ್ಸೀನಿನವರೇ, ಬೆಳಕಿನ ಸಾಮಾನು ದಡದಲ್ಲೇ ಬಿಚ್ಚಿಟ್ಟು ಬನ್ನಿ. ನಿಮ್ಮಲ್ಲಿ ಯಾರು ಮೊದಲು ಬಗ್ಗುತ್ತಾರೋ ಅವರು ಸೋತರೆಂದು ಊರು ಅನ್ನುವುದಿಲ್ಲ. ಹಾಗೆ ಅಂದವರನ್ನು ನನ್ನ ಹತ್ತಿರ ಕಳಿಸಿ.

ನೂಲ ಹುಣ್ಣಿಮೆ ಬರುತ್ತಿದೆ. ಆ ದಿನ ಹಾಲು, ತೆಂಗಿನಕಾಯಿ, ಹೂವು ಹಿಡಿದು ಎಲ್ಲರೂ ಕಡಲಿಗೆ ಹೋಗುತ್ತೀರಿ, ಈ ವರ್ಷ ಸುಖವಾಗಿಡು ಎಂದು ಬೇಡಿಕೊಳ್ಳುತ್ತೀರಿ. ಅದಕ್ಕೂ ಮೊದಲು ಒಂದು ದಿನ ಗೊತ್ತುಮಾಡಿ. ಜಾಗ ನೀವು ಹೇಳಿದಲ್ಲಿ, ಮಲ್ಪೆಯಾದರೂ ಸರಿ, ಗಂಗೊಳ್ಳಿಯಾದರೂ ಸರಿ. ಮೀನು ಮಾರುವ ಹತ್ತು ಹೆಂಗಸರನ್ನು ಕರೆದುಕೊಂಡು ನಾನು ಬರುತ್ತೇನೆ, ಚಾಪೆ ನಾವೇ ತರುತ್ತೇವೆ.

ಇತಿ,
ಮರವಂತೆಯ ಬಡಗಿನ ಊರಿನ ಮೀನುಗಾರ ಮನೆಯ ಮಗಳು